ಪೋಲಿಯೋ ಬಂದುಹೋದ ಮೇಲಿನ ಬಾಳು

(ಧರ್ಮಕೇಂದ್ರದ ಶತಮಾನೋತ್ಸವ ವರ್ಷದ ಅಂಗವಾಗಿ, ರೋಗಿಗಳ ವಿಶ್ವ ದಿನದಂದು ಸಂಜೆಯ ಬಲಿಪೂಜೆಯ ತರುವಾಯ ಶಾಲಾ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಪಾಠ)



ಜಗದ್ಗುರು ಸಂತ ದ್ವಿತೀಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ರೋಗಿಗಳ ವಿಶ್ವ ದಿನವು ಮೊದಲ ಬಾರಿಗೆ ಆಚರಿಸಲ್ಪಟ್ಟದ್ದು 1993ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ. ಈ ದಿನ ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಕೇಳಿಕೊಂಡಾಗ, ಯಾವ ವಿಷಯವೆಂದು ನಾನು ಬಹಳ ಯೋಚಿಸಬೇಕಾಗಿ ಬರಲಿಲ್ಲ. ನಾನು ವೈದ್ಯನಲ್ಲ. ಒಂದೂವರೆ ವರ್ಷದ ಕೂಸಾಗಿದ್ದಾಗ ಬಂದ ಪೋಲಿಯೋದಿಂದ ಬಲಗಾಲಿನ ಬಲವನ್ನು ಕಳೆದುಕೊಂಡು, 32 ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದು ನಿವೃತ್ತನಾದವನು. ಈ ಧರ್ಮಕೇಂದ್ರದಲ್ಲಿ ನನ್ನಂಥವರು ಇನ್ನೂ ಕೆಲವರಿದ್ದಾರೆ. ಅವರು ಎದ್ದುನಿಂತು ಹೇಳಿಕೊಳ್ಳಲು ಸಂಕೋಚಪಡುವ ಒಂದು ಸಂಗತಿಯನ್ನು ಈ ಸಂಜೆ ತಮ್ಮ ಮುಂದಿಡಬೇಕೆಂದಿದ್ದೇನೆ.

"ಪೋಲಿಯೋ ನಮ್ಮ ದೇಶದಿಂದ ತೊಲಗಿತಲ್ಲ, ಇನ್ನೇಕೆ ಆ ಮಾತು?" ಎಂದು ತಾವು ಕೇಳಬಹುದು. ತೊಲಗಿದ್ದು ನಿಜ. 1995ರಲ್ಲಿ ದೇಶಾದ್ಯಂತ ಆರಂಭಗೊಂಡ ಪಲ್ಸ್ ಪೋಲಿಯೋ ಕಾರ್ಯಕ್ರಮದ ಭಾನುವಾರಗಳನ್ನು ತಾವು ಮರೆತಿರಲಾರಿರಿ. ಇದೇ ಶಾಲೆಯ ಜಗಲಿಯಲ್ಲಿ ನಮ್ಮ ಸಿಸ್ಟರುಗಳು ಮಕ್ಕಳ ಬಾಯಿಗೆ ಎರಡೆರಡು ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚುತ್ತಿದ್ದರು. ಭಾರತದಲ್ಲಿ ನೈಸರ್ಗಿಕ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಸಾರಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ರೋಗ ಹೋದೊಡನೆ ರೋಗ ಬಂದುಹೋದವರು ಎಲ್ಲಿಗೂ ಹೋಗಲಿಲ್ಲ. 1988ರಲ್ಲಿ ಜಗತ್ತಿನ 125 ದೇಶಗಳಲ್ಲಿ ವರ್ಷವೊಂದಕ್ಕೆ ಸುಮಾರು 3,50,000 ಮಕ್ಕಳು ಪೋಲಿಯೋದಿಂದ ಅಂಗವಿಕಲರಾಗುತ್ತಿದ್ದರೆಂದು ಅಂದಾಜು. ಅವರಲ್ಲಿ ಬಹುದೊಡ್ಡ ಪಾಲು ನಮ್ಮ ದೇಶದ್ದು. ಆ ಮಕ್ಕಳು ಇಂದು ಮನೆಮಠ ನಡೆಸುವ ನಡುವಯಸ್ಸಿನವರು. ಅವರಿಗಿಂತ ಹಿರಿಯರಾದ ನಾವು ಅರವತ್ತರ ಆಚೀಚೆ ಇದ್ದೇವೆ. ಇನ್ನೊಂದು ಕಡೆ, ಇಂದಿನ ಯುವ ವೈದ್ಯರಲ್ಲಿ ಅನೇಕರು ಹೊಸದಾಗಿ ಪೋಲಿಯೋ ಬಂದ ಮಗುವನ್ನು ಕಣ್ಣಾರೆ ಕಂಡವರಲ್ಲ. ರೋಗಿಗಳಿಗೆ ಮತ್ತೊಮ್ಮೆ ಆಸರೆ ಬೇಕಾಗುವ ಹೊತ್ತಿಗೆ ವೈದ್ಯಲೋಕಕ್ಕೆ ಆ ರೋಗವೇ ಮರೆತುಹೋಗುತ್ತಿದೆ.

ಮತ್ತೊಮ್ಮೆ ಆಸರೆ ಏಕೆ ಬೇಕು ಎಂಬುದನ್ನು ವಿವರಿಸಬೇಕು.

ಪೋಲಿಯೋ ವೈರಾಣು ಬಾಯಿಯ ಮೂಲಕ ಒಳಹೊಕ್ಕು ಕರುಳಿನಲ್ಲಿ ವೃದ್ಧಿಯಾಗುತ್ತದೆ. ಸೋಂಕು ತಗಲಿದ ಸುಮಾರು 200 ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ ಅದು ನರಮಂಡಲವನ್ನು ತಲುಪಿ ಶಾಶ್ವತವಾದ ಪಾರ್ಶ್ವವಾಯುವನ್ನುಂಟುಮಾಡುತ್ತದೆ. ಬೆನ್ನುಹುರಿಯ ಮುಂಭಾಗದಲ್ಲಿ ಸ್ನಾಯುಗಳಿಗೆ ಅಪ್ಪಣೆ ಕಳುಹಿಸುವ ನರಕೋಶಗಳಿವೆ. ವೈರಾಣು ಕೊಲ್ಲುವುದು ಅವುಗಳನ್ನು. ಒಂದು ಕೋಶ ಸತ್ತರೆ ಅದರ ಅಧೀನದಲ್ಲಿದ್ದ ನೂರಾರು ಸ್ನಾಯುತಂತುಗಳು ಅನಾಥವಾಗುತ್ತವೆ. ಆಗ ಬದುಕುಳಿದ ನೆರೆಯ ಕೋಶಗಳು ಹೊಸ ಕವಲುಗಳನ್ನು ಚಾಚಿ ಆ ಅನಾಥ ತಂತುಗಳಲ್ಲಿ ಕೆಲವನ್ನು ದತ್ತು ತೆಗೆದುಕೊಳ್ಳುತ್ತವೆ. ಪೋಲಿಯೋ ಬಂದ ಮಗು ಕೆಲವು ತಿಂಗಳ ತರುವಾಯ ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ.

ಮಾಸ್ತರನಾದುದರಿಂದ ಶಾಲೆಯ ಉದಾಹರಣೆಯನ್ನೇ ಕೊಡುತ್ತೇನೆ. ಎಂಟು ಮಂದಿ ಉಪಾಧ್ಯಾಯರಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಐದು ಮಂದಿ ಒಮ್ಮೆಲೇ ಬಿಟ್ಟುಹೋದರೆನ್ನಿ. ಉಳಿದ ಮೂವರು ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಪಾಠ ಮಾಡುತ್ತಾರೆ. ಘಂಟೆ ಬಾರಿಸುತ್ತದೆ, ಮಕ್ಕಳು ಪಾಸಾಗುತ್ತಾರೆ, ಇನ್‌ಸ್ಪೆಕ್ಟರು ಬಂದು ನೋಡಿ ಎಲ್ಲವೂ ಸರಿಯಾಗಿದೆಯೆಂದು ಬರೆದು ಹೋಗುತ್ತಾರೆ. ಹೀಗೆ 30 ವರ್ಷ ಕಳೆದ ಮೇಲೆ ಆ ಮೂವರ ಗಂಟಲು ಬೀಳತೊಡಗಿದರೆ ಯಾರಿಗಾದರೂ ಆಶ್ಚರ್ಯವಾಗಬೇಕೇ? ನಮ್ಮ ಉಳಿದ ನರಕೋಶಗಳ ಸ್ಥಿತಿಯೂ ಹೀಗೆಯೇ ಎಂಬುದು ವೈದ್ಯರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ದಶಕಗಳ ಕಾಲ ಹಲವು ಪಟ್ಟು ದುಡಿದ ಕೋಶಗಳು ತಾವು ಚಾಚಿದ ಕವಲುಗಳನ್ನು ಸಾಕಲಾರದೆ ಒಂದೊಂದಾಗಿ ಬಿಟ್ಟುಕೊಡುತ್ತವೆ. ರೋಗ ಬಂದು ಸಾಮಾನ್ಯವಾಗಿ 15ರಿಂದ 40 ವರ್ಷಗಳ ತರುವಾಯ ಹೊಸ ನಿಶ್ಶಕ್ತಿ, ವಿಪರೀತ ಆಯಾಸ, ಸ್ನಾಯು ಹಾಗೂ ಕೀಲುಗಳ ನೋವು, ಚಳಿಯನ್ನು ತಾಳಲಾರದಿರುವಿಕೆ, ಕೆಲವರಲ್ಲಿ ಉಸಿರಾಟದ, ನಿದ್ರೆಯ, ನುಂಗುವಿಕೆಯ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಎಂದು ಹೆಸರು. ಪೋಲಿಯೋ ಬಂದುಹೋದ ನೂರು ಮಂದಿಯಲ್ಲಿ 25ರಿಂದ 40 ಮಂದಿಗೆ ಇದು ಬರಬಹುದೆಂದು ಒಂದು ಅಂದಾಜು. ವೈರಾಣು ಮತ್ತೆ ಎಚ್ಚೆತ್ತಿದೆಯೆಂದು ಯಾರೂ ಹೆದರಬೇಕಾಗಿಲ್ಲ. ಇದು ಅಂಟುವ ರೋಗವಲ್ಲ.

ಈ ಅರಿವು ಹೊಸದೂ ಅಲ್ಲ. 1875ರಷ್ಟು ಹಿಂದೆಯೇ ಪ್ಯಾರಿಸ್ಸಿನ ರೇಮಂಡ್ ಎಂಬ ವೈದ್ಯರು, ಕೂಸಾಗಿದ್ದಾಗ ಪೋಲಿಯೋ ಬಂದಿದ್ದ ಒಬ್ಬ ಯುವ ಕಾರ್ಮಿಕನಿಗೆ ಬಹುಕಾಲದ ತರುವಾಯ ಹೊಸ ನಿಶ್ಶಕ್ತಿ ಬಂದುದನ್ನು ವರದಿ ಮಾಡಿದ್ದರು. ಅನಂತರ ಅದು ನೂರು ವರ್ಷಗಳಷ್ಟು ಕಾಲ ಮರೆತೇಹೋಗಿತ್ತು. ಅಮೆರಿಕದಲ್ಲಿ 1940 ಮತ್ತು 50ರ ದಶಕಗಳ ದೊಡ್ಡ ಪಿಡುಗಿನಲ್ಲಿ ಬದುಕುಳಿದ ಮಕ್ಕಳು ಮಧ್ಯವಯಸ್ಕರಾಗಿ, ತಮಗೇನೋ ಆಗುತ್ತಿದೆಯೆಂದು ಒಕ್ಕೊರಲಿನಿಂದ ಹೇಳತೊಡಗಿದಾಗಲೇ ವೈದ್ಯರು ಕಿವಿಗೊಟ್ಟದ್ದು. ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಕಾಲುಗಳಿಗಾಗಿ ಬಿಸಿನೀರಿನ ಚಿಕಿತ್ಸೆ ಪಡೆಯುತ್ತಿದ್ದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ 1984ರಲ್ಲಿ ಇದಕ್ಕಾಗಿಯೇ ತಜ್ಞರ ಸಮಾವೇಶ ನಡೆಯಿತು. ಅಲ್ಲಿನವರಿಗೆ ಆಗ ಬಂದ ಕಾಲ ನಮಗೆ ಈಗ ಬಂದಿದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು.

ನಮ್ಮ ಬಾಲ್ಯದಲ್ಲಿ ನಮಗೆ ಕಲಿಸಿದ ಪಾಠ ಒಂದೇ: ಛಲ. ಎಣ್ಣೆ ತಿಕ್ಕುವ ಅಜ್ಜಿ, ಕಾಲು ಎಳೆಯುವ ನಾಟಿವೈದ್ಯ, ಕ್ಯಾಲಿಪರ್ ಬಿಗಿಯುವ ಆಸ್ಪತ್ರೆಯವರು, ಶಾಲೆಯ ಹೆಡ್‌ಮಾಸ್ತರರು, ಎಲ್ಲರೂ ಹೇಳಿದ್ದು "ಇನ್ನೂ ಸ್ವಲ್ಪ ಪ್ರಯತ್ನ ಮಾಡು" ಎಂದೇ. ಅದು ತಪ್ಪು ಉಪದೇಶವಾಗಿರಲಿಲ್ಲ. ಆ ಛಲವಿಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಮನೆಯ ಮೂಲೆಯಲ್ಲಿಯೇ ಉಳಿದುಬಿಡುತ್ತಿದ್ದೆವು. ಕೂಸಾಗಿದ್ದಾಗಲೇ ಪೋಲಿಯೋಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಅಂತರರಾಷ್ಟ್ರೀಯ ಕ್ರೀಡಾಂಗಣಗಳಲ್ಲಿ ಪದಕ ಗೆದ್ದು ಅರ್ಜುನ ಪ್ರಶಸ್ತಿ, ಪದ್ಮಶ್ರೀಗಳಿಗೆ ಪಾತ್ರರಾದದ್ದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳದ ವರ್ಷವಿಲ್ಲ. ಊರುಗೋಲನ್ನು ಮೂಲೆಗಿಟ್ಟು ನಡೆದ ದಿನ ಎಷ್ಟು ಮನೆಗಳಲ್ಲಿ ಪಾಯಸ ಮಾಡಿದ್ದಾರೆ! ಎಷ್ಟು ತಾಯಂದಿರು ಹರಕೆ ತೀರಿಸಿದ್ದಾರೆ!

ಹೀಗಿರುವಾಗ ಐವತ್ತನೆಯ ವಯಸ್ಸಿನಲ್ಲಿ ಅದೇ ಊರುಗೋಲನ್ನು ಮತ್ತೆ ಕೈಗೆತ್ತಿಕೊಳ್ಳುವುದೆಂದರೆ ಏನು? ಮನೆಯವರಿಗೆ ಅದು ಸೋಲಿನಂತೆ ಕಾಣುತ್ತದೆ. ಕೆಲವರಿಗೆ, ತಮ್ಮಲ್ಲಿ ಕ್ಷಮೆ ಕೋರಿ ಹೇಳುತ್ತೇನೆ, ಅದು ವಿಶ್ವಾಸದ ಕೊರತೆಯಂತೆಯೂ ಕಾಣುತ್ತದೆ. "ಮೊದಲು ಚೆನ್ನಾಗಿ ನಡೆಯುತ್ತಿದ್ದಿರಲ್ಲ, ಈಗೇಕೆ ಸೋಮಾರಿತನ?" ಎಂಬ ಮಾತನ್ನು ನಾನೇ ಕೇಳಿದ್ದೇನೆ. "ವಯಸ್ಸಾಯಿತು, ವ್ಯಾಯಾಮ ಹೆಚ್ಚು ಮಾಡಿ" ಎಂದು ಹೇಳಿ ಎರಡೇ ನಿಮಿಷಗಳಲ್ಲಿ ಕಳುಹಿಸಿದ ವೈದ್ಯರೂ ಇದ್ದಾರೆ. ದಣಿದ ನರಕೋಶಕ್ಕೆ ಇನ್ನಷ್ಟು ದುಡಿಯೆಂದು ಹೇಳುವುದು ಆ ಮೂವರು ಮಾಸ್ತರರಿಗೆ ನಾಲ್ಕನೆಯ ತರಗತಿಯನ್ನೂ ಒಪ್ಪಿಸಿದಂತೆ. ಬಾಲ್ಯದಲ್ಲಿ ಯಾವ ಛಲ ನಮ್ಮನ್ನು ಎಬ್ಬಿಸಿ ನಿಲ್ಲಿಸಿತೋ, ಈಗ ಅದನ್ನು ಹತೋಟಿಯಲ್ಲಿಡಬೇಕಾಗಿದೆ. ಇದನ್ನು ನಾವೂ ನಮ್ಮ ಮನೆಯವರೂ ಒಪ್ಪುವುದೇ ಕಷ್ಟ. ಉಳಿದುದೆಲ್ಲ ಬರಿಯ ಉಪಾಯಗಳ ಮಾತು.

ಆ ಉಪಾಯಗಳಲ್ಲಿ ಮೊದಲನೆಯದು ದಣಿಯುವ ಮುಂಚೆಯೇ ವಿಶ್ರಮಿಸುವುದು. ಹೇಳಲು ಸುಲಭ. ನಮ್ಮ ಮನೆಗಳಲ್ಲಿ ಕೆಲಸ ಮುಗಿಸಿ ಕುಳಿತವರಿಗೆ ಮರ್ಯಾದೆಯೇ ಹೊರತು ಕೆಲಸದ ನಡುವೆ ಕುಳಿತವರಿಗಲ್ಲ. ಆದರೂ ಒಂದು ದಿನದ ಬಲವನ್ನು ಸಂಬಳದಂತೆ ಎಣಿಸಿಕೊಳ್ಳಬೇಕು. ಸ್ನಾನಕ್ಕಿಷ್ಟು, ಅಡುಗೆಗಿಷ್ಟು, ಪೇಟೆಗಿಷ್ಟು. ಪೇಟೆಗೆ ಹೋಗುವ ದಿನ ಬಟ್ಟೆ ಒಗೆಯುವುದು ಬೇಡ. ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಮಲಗಿದರೆ ಸಂಜೆಯ ಜಪಸರದ ಹೊತ್ತಿಗೆ ಮಾತನಾಡುವಷ್ಟು ಚೈತನ್ಯ ಉಳಿದಿರುತ್ತದೆ.

ಅಡುಗೆಮನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಪೋಲಿಯೋ ಬಂದ ಹೆಣ್ಣುಮಕ್ಕಳ ಕಷ್ಟವನ್ನು ಗಂಡಸರಾದ ನಾವು ಭಾಷಣಗಳಲ್ಲಿ ಮರೆತುಬಿಡುತ್ತೇವೆ. ನಮ್ಮ ತಾಯಂದಿರು ನೆಲದಲ್ಲಿ ಕುಳಿತು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿ, ನೆಲದಲ್ಲಿಯೇ ರುಬ್ಬುತ್ತಿದ್ದರು. ಕಾಲಿನಲ್ಲಿ ಬಲವಿಲ್ಲದವಳಿಗೆ ಆ ಅಡುಗೆಮನೆ ಒಂದು ರೀತಿಯಲ್ಲಿ ಅನುಕೂಲ. ತೆವಳಿಯಾದರೂ ಎಲ್ಲ ಕೆಲಸ ಮುಗಿಸುತ್ತಿದ್ದಳು. ಆದರೆ ನೆಲದಿಂದ ಏಳುವುದು ಪ್ರತಿ ಸಲವೂ ಒಂದು ಬೆಟ್ಟ ಹತ್ತಿದಂತೆ. ಅನಂತರ ನಿಂತು ಅಡುಗೆ ಮಾಡುವ ಕಟ್ಟೆಗಳು ಬಂದವು. ನೋಡಲು ಅಂದ, ಆದರೆ ಒಂದೇ ಕಾಲಿನ ಮೇಲೆ ಎರಡು ಗಂಟೆ ನಿಲ್ಲಬೇಕು. ಇವೆರಡರ ನಡುವಿನ ದಾರಿ ಒಂದು ಎತ್ತರದ ಗಟ್ಟಿ ಸ್ಟೂಲು, ಪಾದ ಊರಲು ಅಡಿಯಲ್ಲೊಂದು ಹಲಗೆ. ಕಟ್ಟೆಯ ಅಡಿಯ ಒಂದು ಗೂಡನ್ನು ತೆರೆದಿಟ್ಟರೆ ಮಂಡಿ ಒಳಗೆ ಹೋಗುತ್ತದೆ. ದಿನವೂ ಬೇಕಾಗುವ ಅಕ್ಕಿ, ಬೇಳೆ, ಉಪ್ಪುಗಳನ್ನು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇಡಬೇಕು. ಬಿಸಿ ಪಾತ್ರೆಯನ್ನು ಹೊತ್ತು ನಡೆಯುವ ಬದಲು ಕಟ್ಟೆಯ ಮೇಲೆಯೇ ಜಾರಿಸಿಕೊಂಡು ಹೋಗಬೇಕು. ಇವೆಲ್ಲಕ್ಕೂ ಬಡಗಿಯೊಬ್ಬನ ಒಂದು ದಿನದ ಕೂಲಿ ಸಾಕು. ಅದಕ್ಕಿಂತ ಕಷ್ಟವಾದದ್ದು, ಸೊಸೆಯೋ ಹೆಂಡತಿಯೋ ಕುಳಿತು ಅಡುಗೆ ಮಾಡಿದರೆ ಅತ್ತೆಯಾದವಳು ಏನೂ ಅನ್ನದಿರುವುದು!

ಬಚ್ಚಲುಮನೆಯಲ್ಲಿ ಎತ್ತರದ ಕಮೋಡು, ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿಕೆ, ಒದ್ದೆಯಾದರೂ ಜಾರದ ನೆಲ, ಇವಿಷ್ಟು ಇದ್ದರೆ ಅರ್ಧ ಅಪಾಯ ತಪ್ಪಿತು. ಪೋಲಿಯೋ ಬಂದ ಕಾಲಿನ ಮೂಳೆ ತೆಳುವಾಗಿರುತ್ತದೆ. ಬಿದ್ದರೆ ಮುರಿಯುವುದು ಸುಲಭ, ಕೂಡುವುದು ಕಷ್ಟ, ಮುರಿದ ಮೂಳೆಗಾಗಿ ತಿಂಗಳುಗಟ್ಟಲೆ ಮಲಗಿದರೆ ಕಳೆದುಹೋದ ಬಲ ಹಿಂದಿರುಗುವುದು ಇನ್ನೂ ಕಷ್ಟ.

ನಮ್ಮಲ್ಲಿ ಬಹು ಮಂದಿ ತೊಡೆಯ ಮೇಲೆ ಕೈಯೂರಿ, ಮಂಡಿ ಮಡಚದಂತೆ ಒತ್ತಿಹಿಡಿದು ನಡೆಯುತ್ತೇವೆ. ರಸ್ತೆಯಲ್ಲಿ ಹಾಗೆ ಬಾಗಿ ನಡೆಯುವವರನ್ನು ಕಂಡರೆ ತಮಗೇ ಗುರುತು ಸಿಗುತ್ತದೆ. ಆ ನಡಿಗೆ ಚಿಕ್ಕಂದಿನಲ್ಲಿ ನಾವೇ ಕಂಡುಹಿಡಿದುಕೊಂಡದ್ದು, ಯಾರೂ ಕಲಿಸಿದ್ದಲ್ಲ. 40 ವರ್ಷಗಳ ಮೇಲೆ ಅದರ ಲೆಕ್ಕ ಸೊಂಟದ, ಬೆನ್ನಿನ, ಮಣಿಕಟ್ಟಿನ ನೋವಾಗಿ ಬರುತ್ತದೆ. ಊರುಗೋಲಿನವರಿಗೆ ಭುಜ ಸವೆಯುತ್ತದೆ. ಭುಜ ಹೋದರೆ ಕಾಲು ಎರಡನೆಯ ಬಾರಿ ಹೋದಂತೆಯೇ. ಆದುದರಿಂದ ಬಾಲ್ಯದ ಉಕ್ಕು ಮತ್ತು ಚರ್ಮದ ಕ್ಯಾಲಿಪರನ್ನು ಭಾರವೆಂದು ಬಿಸಾಡಿದವರು, ಈಗ ದೊರೆಯುವ ಹಗುರವಾದ ಪ್ಲಾಸ್ಟಿಕ್ಕಿನದನ್ನು ಒಮ್ಮೆ ತೊಟ್ಟು ನೋಡಬೇಕು. ಬೆಂಗಳೂರಿನಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ, ಸ್ವತಃ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ, ಇವುಗಳ ಹೆಸರನ್ನು ತಾವು ಕೇಳಿರಬಹುದು. ಸಾಧನಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಯೋಜನೆ 1981ರಿಂದ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರವುಳ್ಳವರಿಗೆ ಹಲವು ಸೌಲಭ್ಯಗಳಿವೆ. ಹಳೆಯ ಪ್ರಮಾಣಪತ್ರವನ್ನು ಪೆಟ್ಟಿಗೆಯ ತಳದಲ್ಲಿಟ್ಟವರು ಅದನ್ನು ಹೊರತೆಗೆಯಬೇಕು. ಹೊಸ ನಿಶ್ಶಕ್ತಿ ಬಂದಿದ್ದರೆ ಮರುಪರೀಕ್ಷೆಗೆ ಅರ್ಜಿ ಹಾಕಬಹುದು.

ವ್ಯಾಯಾಮವೇ ಬೇಡವೆಂದು ನಾನು ಹೇಳುತ್ತಿಲ್ಲ. ಸುಮ್ಮನೆ ಕುಳಿತರೂ ಸ್ನಾಯು ಸೊರಗುತ್ತದೆ. ಪೋಲಿಯೋ ಬಲ್ಲ ಫಿಸಿಯೋಥೆರಪಿ ತಜ್ಞರು ಹೇಳುವ ಅಳತೆಗೋಲು ಸರಳವಾಗಿದೆ: ಮಾಡಿದ ವ್ಯಾಯಾಮದ ನೋವು ಮತ್ತು ದಣಿವು ಮರುದಿನವೂ ಉಳಿದರೆ ಅದು ಅತಿಯಾಯಿತು. ಹಾಗೆಯೇ ಎಲ್ಲ ಆಯಾಸವನ್ನೂ ಪೋಲಿಯೋದ ತಲೆಗೆ ಕಟ್ಟಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬೆನ್ನುಮೂಳೆಯ ಒತ್ತಡ, ಮನಸ್ಸಿನ ಕುಗ್ಗುವಿಕೆ, ಇವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ, ಇವುಗಳಿಗೆ ಔಷಧಿಯೂ ಇದೆ. ಪೋಸ್ಟ್ ಪೋಲಿಯೋವನ್ನು ದೃಢಪಡಿಸುವ ಒಂದೇ ರಕ್ತಪರೀಕ್ಷೆ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಅಲ್ಲಿಗೆ ತಲುಪಬೇಕು.

ಎರಡು ಎಚ್ಚರಿಕೆಗಳನ್ನು ದಯವಿಟ್ಟು ಮನೆಗೆ ಕೊಂಡೊಯ್ಯಿರಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ, ಅದು ಹಲ್ಲಿನದೇ ಆಗಲಿ ಕಣ್ಣಿನದೇ ಆಗಲಿ, ಅರಿವಳಿಕೆ ಕೊಡುವ ವೈದ್ಯರಿಗೆ "ನನಗೆ ಪೋಲಿಯೋ ಬಂದಿತ್ತು" ಎಂದು ಬಾಯಿಬಿಟ್ಟು ಹೇಳಬೇಕು. ನಿದ್ರೆ ತರಿಸುವ, ಸ್ನಾಯು ಸಡಿಲಿಸುವ ಔಷಧಿಗಳು ನಮ್ಮಲ್ಲಿ ಕೆಲವರಿಗೆ ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ತಟ್ಟುತ್ತವೆ. ಕುಂಟುತ್ತಿರುವುದು ಕಾಣುತ್ತದಲ್ಲ ಎಂದು ಸುಮ್ಮನಿರಬಾರದು. ಇನ್ನೊಂದು, ಬೆಳಿಗ್ಗೆ ಎದ್ದೊಡನೆ ತಲೆನೋವು, ಹಗಲೆಲ್ಲ ತೂಕಡಿಕೆ, ಅಂಗಾತ ಮಲಗಿದರೆ ಉಸಿರು ಕಟ್ಟುವುದು ಇವು ಕಂಡುಬಂದರೆ ಉಸಿರಾಟದ ಸ್ನಾಯುಗಳ ಪರೀಕ್ಷೆ ಆಗಬೇಕು, ಮುಖ್ಯವಾಗಿ ಬೆನ್ನು ಸೊಟ್ಟಗಾದವರಲ್ಲಿ. ರಾತ್ರಿ ಮುಖವಾಡದ ಮೂಲಕ ಉಸಿರಿಗೆ ನೆರವಾಗುವ ಯಂತ್ರಗಳು ಈಗ ಮನೆಯಲ್ಲಿಯೇ ಇಟ್ಟುಕೊಳ್ಳುವಷ್ಟು ಚಿಕ್ಕವಾಗಿವೆ.

ಇಲ್ಲಿ ಕುಳಿತಿರುವ ವಯೋವೃದ್ಧ ತಾಯಂದಿರಿಗೆ ಒಂದು ಮಾತು. "ಜ್ವರ ಬಂದಾಗ ಸೂಜಿ ಹಾಕಿಸಿದೆ, ಮರುದಿನ ಮಗುವಿನ ಕಾಲು ಬಿತ್ತು, ಹಾಕಿಸಬಾರದಿತ್ತು" ಎಂದು ಐವತ್ತು ಅರವತ್ತು ವರ್ಷಗಳಿಂದ ಮನಸ್ಸಿನಲ್ಲಿಯೇ ಕೊರಗುತ್ತಿರುವವರಿದ್ದಾರೆ. ಪೋಲಿಯೋ ಸೋಂಕು ಒಳಗಿರುವಾಗ ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೆ ಆ ಅಂಗಕ್ಕೇ ಪಾರ್ಶ್ವವಾಯು ತಟ್ಟುವ ಸಂಭವ ಹೆಚ್ಚುವುದೆಂದು 1950ರ ಸುಮಾರಿಗೆ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯದ ವೈದ್ಯರು ಕಂಡುಕೊಂಡದ್ದು ನಿಜ. ಆದರೆ ಜ್ವರದಿಂದ ಸುಡುವ ಕೂಸಿನ ಒಳಗೆ ಯಾವ ವೈರಾಣು ಇತ್ತೆಂದು ತಿಳಿಯಲು ಯಾವ ತಾಯಿಗೂ ಸಾಧ್ಯವಿರಲಿಲ್ಲ. ಕೂಸನ್ನೆತ್ತಿಕೊಂಡು ಮೈಲಿಗಟ್ಟಲೆ ನಡೆದು ವೈದ್ಯರಲ್ಲಿಗೆ ಹೋದವರು ನೀವು. ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಯಾವ ಪಾಪವೂ ಅದರಲ್ಲಿಲ್ಲ.

ಇನ್ನು ನಮ್ಮ ದೇವಾಲಯದ ವಿಷಯ. ಬಲಿಪೂಜೆಯಲ್ಲಿ ಪ್ರತಿಷ್ಠಾಪನೆಯ ಹೊತ್ತಿಗೆ ಎಲ್ಲರೂ ಮೊಣಕಾಲೂರುವಾಗ ಕುಳಿತೇ ಇರುವವರ ಬೆನ್ನಿನ ಮೇಲೆ ಎಷ್ಟು ಕಣ್ಣುಗಳು ಬೀಳುತ್ತವೆಂದು ಕುಳಿತವರಿಗೇ ಗೊತ್ತು. ಆ ಕಣ್ಣುಗಳಿಗೆ ಹೆದರಿ ಮೊಣಕಾಲೂರಿ, ಏಳಲಾರದೆ ಬೆಂಚನ್ನು ತಬ್ಬಿಕೊಂಡ ಸೋದರಿಯೊಬ್ಬರನ್ನು ನಾನು ಬಲ್ಲೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 43ನೆಯ ಪರಿಚ್ಛೇದವೇ ಅನಾರೋಗ್ಯದಿಂದಾಗಿ ಮೊಣಕಾಲೂರಲಾಗದವರಿಗೆ ವಿನಾಯಿತಿ ನೀಡಿದೆ. ತಲೆಬಾಗಿ ವಂದಿಸಿದರೆ ಸಾಕು. ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಲಾಗದವರ ಬಳಿಗೆ ಗುರುಗಳೇ ಇಳಿದು ಬರುವ ಪದ್ಧತಿಯನ್ನು ಈ ವರ್ಷ ಆರಂಭಿಸಿರುವುದಕ್ಕೆ ನಾವು ಕೃತಜ್ಞರು. ಆದರೆ ಅದಕ್ಕಾಗಿ ಅಂಗವಿಕಲರೆಲ್ಲರನ್ನೂ ಮುಂದಿನ ಒಂದೇ ಬೆಂಚಿನಲ್ಲಿ ಕೂರಿಸುವುದು ಬೇಡ. ನಮಗೂ ನಮ್ಮ ಮನೆಯವರ ಜೊತೆಯಲ್ಲಿ ಕುಳಿತುಕೊಳ್ಳುವ ಆಸೆಯಿರುತ್ತದೆ.

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರ ಪ್ರಸಂಗವನ್ನು ಗುರುಗಳು ಇಂದು ಪ್ರಬೋಧನೆಯಲ್ಲಿ ವಿವರಿಸಿದರು. ಆ ನಾಲ್ವರು ಹಾಸಿಗೆಯಲ್ಲಿದ್ದವನಿಗೆ ಇನ್ನೂ ಸ್ವಲ್ಪ ಪ್ರಯತ್ನ ಮಾಡೆಂದು ಹೇಳಲಿಲ್ಲ. ಮನೆಯ ಚಾವಣಿಯನ್ನೇ ತೆಗೆದರು. ನಾವು ಚಾವಣಿ ತೆಗೆಯಬೇಕಾಗಿಲ್ಲ. ನಮ್ಮ ದೇವಾಲಯದ ಮುಂಭಾಗಕ್ಕೆ ಏಳು ಕಲ್ಲುಮೆಟ್ಟಿಲುಗಳಿವೆ. ನೂರು ವರ್ಷದ ಆ ಕಲ್ಲುಗಳನ್ನು ಮುಟ್ಟುವುದು ನನಗೂ ಇಷ್ಟವಿಲ್ಲ. ಪಕ್ಕದ ಬಾಗಿಲಿಗೆ ಮೂರೇ ಮೆಟ್ಟಿಲು, ಅಂದರೆ ಒಂದೂವರೆ ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬ ಅಂಗೀಕೃತ ಲೆಕ್ಕದಂತೆ 18 ಅಡಿ ಉದ್ದದ ಇಳಿಜಾರು, ಎರಡೂ ಬದಿಗೆ ಹಿಡಿಕೆ. ಅಷ್ಟು ಜಾಗ ಅಲ್ಲಿದೆ. ನಿನ್ನೆ ನಾನೇ ಟೇಪು ಹಿಡಿದು ಅಳೆದಿದ್ದೇನೆ. ಇಳಿಜಾರನ್ನು ಇದಕ್ಕಿಂತ ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆಂಬುದನ್ನು ಕಟ್ಟುವ ಮೇಸ್ತ್ರಿಗೆ ಮೊದಲೇ ತಿಳಿಸಬೇಕು. ಶತಮಾನೋತ್ಸವದ ಲೆಕ್ಕದಲ್ಲಿ ದೀಪಾಲಂಕಾರಕ್ಕೆ ತೆಗೆದಿಟ್ಟ ಹಣದ ಒಂದು ಭಾಗವನ್ನು ಇದಕ್ಕೆ ಕೊಡಬಹುದೇ ಎಂದು ಸಮಿತಿಯ ಮುಂದೆ ಅರ್ಜಿ ಇಟ್ಟಿದ್ದೇನೆ. ಮುಂದಿನ ಭಾನುವಾರ ಅದರ ಚರ್ಚೆಯಿದೆ, ಬರಲಾಗುವವರೆಲ್ಲರೂ ಬನ್ನಿ.

ಕೊನೆಯದಾಗಿ, ಊರುಗೋಲು ಬಳಸುವವರು ಅದರ ತುದಿಯ ರಬ್ಬರ್ ಟೋಪಿಯನ್ನು ತಿರುಗಿಸಿ ನೋಡಿಕೊಳ್ಳಿ. ಅಡಿಯ ಗೆರೆಗಳು ಸವೆದು ನುಣುಪಾಗಿದ್ದರೆ ಒದ್ದೆ ನೆಲದಲ್ಲಿ ಅದು ಖಂಡಿತ ಜಾರುತ್ತದೆ. ಮೂರು ಅಳತೆಯ ಹೊಸ ಟೋಪಿಗಳನ್ನು ತಂದಿದ್ದೇನೆ. ಹಿಂದಿನ ಮೇಜಿನ ಬಳಿ ಯುವಜನ ಸಂಘದ ಹುಡುಗರು ಹಾಕಿಕೊಡುತ್ತಾರೆ. ಏಳಲು ಕಷ್ಟವಾಗುವವರು ಕುಳಿತಲ್ಲಿಂದಲೇ ಕೈ ಎತ್ತಿದರೆ ಅವರೇ ನಿಮ್ಮ ಬಳಿಗೆ ಬರುತ್ತಾರೆ.